ಹಲಗೆಯ ಮೇಲಿನ ತೊಂಬತ್ತೆರಡು

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಬೀಜ ಗೊಬ್ಬರದ ಅಂಗಡಿಗಳಿಗೇನೂ ಬರಗಾಲವಿಲ್ಲ. ಒಂದೊಂದರ ಮುಂದೂ ಮಾರುದ್ದದ ತೆನೆ ಹಿಡಿದು ನಗುವ ರೈತನ ಫ್ಲೆಕ್ಸು. ಆ ರೈತ ಯಾವ ಊರಿನವನೋ, ಅಷ್ಟುದ್ದದ ತೆನೆ ಯಾವ ಹೊಲದಲ್ಲಿ ಬಂತೋ, ಯಾರೂ ಕೇಳಿದವರಿಲ್ಲ. ಪಂಚಾಕ್ಷರಪ್ಪನ ಅಂಗಡಿಯ ಮುಂದೆ ಮಾತ್ರ ಒಂದು ಕರಿಹಲಗೆ. ಮುಚ್ಚಿಹೋದ ಯಾವುದೋ ಶಾಲೆಯದು, ಒಂದು ಮೂಲೆ ಮುರಿದಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಬೀಜದ ಹೆಸರು, ಲಾಟ್ ನಂಬರು, ಪಕ್ಕದಲ್ಲೊಂದು ಸಂಖ್ಯೆ. ಆ ಲಾಟಿನ ನೂರು ಬೀಜ ನೆನೆಸಿದರೆ ಎಷ್ಟು ಮೊಳೆತವು ಎಂಬ ಲೆಕ್ಕ ಅದು. ತೊಂಬತ್ತನಾಲ್ಕು, ತೊಂಬತ್ತೊಂದು, ಹೀಗೆ. ಸಂಖ್ಯೆ ಬರೆಯದ ಲಾಟನ್ನು ಆ ಅಂಗಡಿಯಲ್ಲಿ ಮಾರುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಸುತ್ತಲಿನ ರೈತರು ಪ್ಯಾಕೆಟ್ಟಿನ ಮೇಲೆ ಕಂಪನಿಯವರು ಅಚ್ಚು ಹಾಕಿಸಿದ್ದನ್ನು ಬಿಟ್ಟು ಆ ಹಲಗೆಯನ್ನು ಓದಿ ಬೀಜ ಒಯ್ದರು.

ಸಂಖ್ಯೆ ಹುಟ್ಟುತ್ತಿದ್ದದ್ದು ಅಂಗಡಿಯಲ್ಲಲ್ಲ, ಹಿಂದಿನ ಬೀದಿಯ ಮನೆಯಲ್ಲಿ. ಹೊಸ ಲಾಟು ಬಂದ ದಿನ ಒಂದು ಪ್ಯಾಕೆಟ್ ಒಡೆದು ಮನೆಗೆ ಕಳಿಸಬೇಕು. ಹೆಂಡತಿ ಶಕುಂತಲಮ್ಮ ಗೋಣಿಚೀಲ ನೆನೆಸಿ ಹಾಸಿ, ಸಾಲಿಗೆ ಹತ್ತರಂತೆ ಹತ್ತು ಸಾಲು ಬೀಜವಿಟ್ಟು, ಚಾಪೆಯ ಹಾಗೆ ಸುತ್ತಿ, ಬಚ್ಚಲ ಪಕ್ಕದ ನೆರಳಲ್ಲಿ ಇಡುವಳು. ಒಂದು ಸುರುಳಿಯಲ್ಲ, ಎರಡು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ ಎನ್ನುವುದು ಅವಳ ನಂಬಿಕೆ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಐದನೆಯ ದಿನ ಬಿಚ್ಚಿ ಎಣಿಸುವಳು. ಬರೀ ತುದಿ ಬೆಳ್ಳಗಾದ ಬೀಜವನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೆಳಗೆ ಬೇರು ಬಂದಿರಬೇಕು, ಮೇಲೆ ಮೊಳಕೆ ಎದ್ದಿರಬೇಕು. "ಎದ್ದು ನಿಲ್ಲಾದನ್ನ ಮಾತ್ರ ಎಣಿಸ್ಬೇಕ್ರೀ, ಎದ್ದೇನು ಅಂತ ಆಸೆ ತೋರ್ಸೋದನ್ನಲ್ಲ" ಎನ್ನುವಳು. ತವರೂರು ಜಡೆಯಲ್ಲಿ ಅವಳ ಅಪ್ಪ ಭತ್ತದ ಬೀಜಕ್ಕೆ ಹೀಗೇ ಮಾಡುತ್ತಿದ್ದರಂತೆ.

ಅಂಗಡಿ ಹಾಕಿದ ಮೊದಲ ವರ್ಷ ಪಂಚಾಕ್ಷರಪ್ಪ ಇದನ್ನೆಲ್ಲ ಕೆಲಸವಿಲ್ಲದವರ ಕೆಲಸ ಎಂದುಕೊಂಡಿದ್ದ. ಆ ವರ್ಷವೇ ಅವಳು, "ಈ ಲಾಟು ವಾಪಸ್ ಕಳಿಸ್ರಿ, ನೂರಕ್ಕೆ ಎಪ್ಪತ್ತೂ ಇಲ್ಲ" ಎಂದು ಹಟ ಹಿಡಿದಳು. ಗೊಣಗುತ್ತಲೇ ಕಳಿಸಿದ. ಅದೇ ಲಾಟನ್ನು ಎದುರು ಅಂಗಡಿಯವನು ಮಾರಿದ. ಹದಿನೈದು ದಿನಕ್ಕೆ ಅವನ ಬಾಗಿಲಲ್ಲಿ ಬೀಜ ಏಳಲಿಲ್ಲ ಎಂದು ಬೈಯುವ ಜನವೋ ಜನ. "ಪಂಚಾಕ್ಷರಪ್ಪಗೆ ಬೀಜ ಮುಟ್ಟಿದ್ರೇ ಗೊತ್ತಾಗ್ತತಂತೆ" ಎಂದು ಸಂತೆಯಲ್ಲೆಲ್ಲ ಸುದ್ದಿ. ಹಬ್ಬಿಸಿದವನು ಅವನಲ್ಲ, ಅದು ನಿಜ. ಅಲ್ಲಗಳೆಯಲೂ ಇಲ್ಲ, ಅದೂ ನಿಜ. ಹೊಗಳಿಕೆ ಬಾಗಿಲಿಗೆ ಬಂದಾಗ ವಿಳಾಸ ಸರಿಯಾಗಿದೆಯೇ ಎಂದು ಯಾರು ತಾನೇ ನೋಡುತ್ತಾರೆ?

ಎರಡು ವರ್ಷದ ಹಿಂದೆ ಊರಿನ ವ್ಯಾಪಾರಿಗಳು ಸೇರಿ ಅವನಿಗೆ ಶಾಲು ಹೊದೆಸಿದರು. ಕಾಲೇಜಿನ ಮಕ್ಕಳ ಮುಂದೆ ಯಶಸ್ಸಿನ ಗುಟ್ಟು ಏನು ಅಂತ ನಾಲ್ಕು ಮಾತು ಹೇಳಿ ಎಂದರು. ನಾಲ್ಕು ಮಾತು ನಲವತ್ತು ನಿಮಿಷವಾಯಿತು. ಶಿಸ್ತು ಎಂದ, ಗಿರಾಕಿಯ ನಂಬಿಕೆ ಎಂದ, ಮನಸ್ಸು ಗಟ್ಟಿಯಿದ್ದರೆ ವ್ಯಾಪಾರವೂ ಗಟ್ಟಿ, ಸಂಸಾರವೂ ಗಟ್ಟಿ ಎಂದ. ಗೋಣಿಚೀಲದ ಮಾತೂ ಬಂತು. "ನಾನು ಪ್ರತಿ ಲಾಟನ್ನೂ ಮನೆಯಲ್ಲಿ ಪರೀಕ್ಷೆ ಮಾಡುತ್ತೇನೆ" ಎಂದೇ ಬಂತು. ಶಕುಂತಲಮ್ಮ ಮೂರನೆಯ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದಳು. ಮನೆಗೆ ಬರುವಾಗ ಆಟೋದಲ್ಲಿ, "ಚೆನ್ನಾಗಿ ಮಾತಾಡಿದ್ರಿ" ಎಂದಳು. ಆ ಮಾತಿನಲ್ಲಿ ಏನಾದರೂ ಕಡಿಮೆಯಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಶಾಲನ್ನು ಮಡಿಸಿ ಬೀರುವಿನಲ್ಲಿ ಇಟ್ಟವಳೂ ಅವಳೇ.

ಅದರ ಮುಂದಿನ ವರ್ಷ ಮಳೆ ಅವಸರ ಮಾಡಿತು. ಮೇ ತಿಂಗಳು ಅರ್ಧ ಕಳೆಯುವುದರೊಳಗೆ ಎರಡು ಹದ ಮಳೆ ಬಿದ್ದು ಶಿಕಾರಿಪುರ, ಆನವಟ್ಟಿ, ಜಡೆ ಕಡೆಯವರೆಲ್ಲ ಒಂದೇ ಸಲ ಮೆಕ್ಕೆಜೋಳದ ಬೀಜಕ್ಕೆ ಮುಗಿಬಿದ್ದರು. ಎಲ್ಲರಿಗೂ ಒಂದೇ ತಳಿ ಬೇಕು. ಆ ತಳಿಯದು ಬಂದದ್ದು ಒಂದೇ ಲಾಟು. ಗೋಣಿಯನ್ನು ಸುತ್ತಿಟ್ಟು ಎರಡು ದಿನವಾಗಿತ್ತಷ್ಟೆ. ಮೂರನೆಯ ದಿನ ಬೆಳಿಗ್ಗೆ ಅಂಗಡಿ ಮುಂದೆ ಸಾಲು ರಸ್ತೆಗೆ ಬಂದು ನಿಂತಿತ್ತು. ಕಂಪನಿಯ ಪ್ರತಿನಿಧಿ ಉದಯ ಬೈಕಿನಿಂದ ಇಳಿಯುತ್ತಲೇ, "ಸಾರ್, ಬೇರೆಯವರೆಲ್ಲ ಕೊಡ್ತಿದಾರೆ. ನೀವು ನಾಡಿದ್ದು ಅಂದ್ರೆ ಇವರ್ಯಾರೂ ನಿಮ್ಮ ಅಂಗಡಿ ಮುಂದೆ ಇರಲ್ಲ. ನಮ್ಮ ಬೀಜ ಯಾವತ್ತಾದ್ರೂ ತೊಂಬತ್ತರ ಕೆಳಗೆ ಇಳಿದದ್ದು ಐತಾ ಸಾರ್?" ಎಂದ.

ಇಳಿದಿರಲಿಲ್ಲ. ಪಂಚಾಕ್ಷರಪ್ಪ ಸಾಲಿನ ಕಡೆ ನೋಡಿದ. ನಿಂತವರಲ್ಲಿ ಎಷ್ಟೋ ಜನ ಹದಿನೈದು ಇಪ್ಪತ್ತು ವರ್ಷದ ಗಿರಾಕಿಗಳು. ಅವರು ಎದುರು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೆನೆದ. ಕಿಸೆಯಿಂದ ಸೀಮೆಸುಣ್ಣ ತೆಗೆದ. ಹೋದ ಸಲ ಇದೇ ತಳಿಗೆ ಶಕುಂತಲಾ ಎಷ್ಟು ಹೇಳಿದ್ದಳು? ತೊಂಬತ್ತೆರಡು. ಬರೆದ. ಬರೆದ ಮೇಲೆ ಕೈ ತೊಳೆದುಕೊಂಡ ಹಾಗೆ ಹಗುರವೂ ಆಯಿತು.

ಐದನೆಯ ದಿನ ಅವಳು ಗೋಣಿ ಬಿಚ್ಚಿದಳು. ಒಂದು ಸಲ ಎಣಿಸಿ, ಇನ್ನೊಂದು ಬಿಚ್ಚಿ ಎಣಿಸಿ, ಮತ್ತೆ ಮೊದಲನೆಯದಕ್ಕೆ ಬಂದಳು. ಊಟಕ್ಕೆ ಬಂದವನಿಗೆ ತಟ್ಟೆಯನ್ನೂ ಇಡದೆ, "ಈ ಲಾಟು ಬೇಡ್ರೀ. ಒಂದ್ರಲ್ಲಿ ಐವತ್ತೆಂಟು, ಒಂದ್ರಲ್ಲಿ ಅರವತ್ತೊಂದು" ಎಂದಳು.

"ಸರಿಯಾಗಿ ನೋಡಿದ್ಯಾ?"

"ಮೂರು ಸಲ ನೋಡಿದೀನಿ. ಬರ್ರಿ, ನೀವೇ ನೋಡ್ರಿ."

ಅವನು ಬಚ್ಚಲ ಕಡೆ ಹೋಗಲಿಲ್ಲ. ಹಸಿವಿಲ್ಲ ಎಂದು ಹೇಳಿ ಅಂಗಡಿಗೆ ವಾಪಸಾದ. ಲಾಟಿನ ಮುಕ್ಕಾಲು ಪಾಲು ಆಗಲೇ ಹೋಗಿತ್ತು. ಹಲಗೆಯ ಮುಂದೆ ಒರೆಸುವ ಬಟ್ಟೆ ಹಿಡಿದು ನಿಂತ. ಒರೆಸಿದರೆ ಯಾಕೆ ಒರೆಸಿದಿರಿ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಒಯ್ದವರೆಲ್ಲ ಸಂಜೆಯೊಳಗೆ ಹಿಂತಿರುಗುತ್ತಾರೆ. ಮಳೆ ಚೆನ್ನಾಗಿದೆ, ನೆಲ ಬೆಚ್ಚಗಿದೆ, ಗೋಣಿಯಲ್ಲಿ ಏಳದ್ದು ಹೊಲದಲ್ಲಿ ಏಳಬಾರದು ಎಂದೇನೂ ಇಲ್ಲವಲ್ಲ, ಹೀಗೆಂದು ಮನಸ್ಸಿಗೆ ಸಮಾಧಾನ ಹೇಳಿದ. ಬಟ್ಟೆಯನ್ನು ಮೊಳೆಗೆ ನೇತುಹಾಕಿದ. ಉಳಿದ ಕಾಲು ಪಾಲನ್ನೂ ಅವತ್ತೇ ಮಾರಿದ. ನಿಲ್ಲಿಸಿದ್ದರೆ ಅನುಮಾನ ಬರುತ್ತಿತ್ತು ನೋಡಿ. ಕೊನೆಯ ಎಂಟು ಪ್ಯಾಕೆಟ್ ಒಯ್ದವನು ಜಡೆಯಿಂದ ಬಂದಿದ್ದ ಅವನ ಸ್ವಂತ ಭಾಮೈದ, ಶಕುಂತಲಮ್ಮನ ತಮ್ಮ ಚನ್ನೇಶ್.

ಹನ್ನೆರಡು ದಿನಕ್ಕೆ ಬಂದರು. ಗಲಾಟೆ ಮಾಡುತ್ತ ಬರಲಿಲ್ಲ, ಅದೇ ಕಷ್ಟ. ಇಪ್ಪತ್ತೈದು ಜನ ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತರು. ಮೊದಲ ವರ್ಷದಿಂದ ಬೀಜ ಒಯ್ಯುತ್ತಿದ್ದ ಚೌಡಪ್ಪ ಮುಂದೆ ಬಂದು ಅಂಗೈ ಬಿಚ್ಚಿದ. ಮಣ್ಣು ಮೆತ್ತಿದ ಏಳೆಂಟು ಬೀಜ, ಉಬ್ಬಿ ಮೆತ್ತಗಾಗಿದ್ದವು.

"ಹಲ್ಲು ಬಿದ್ದ ಬಾಯಿ ಆದಂಗೆ ಆಗೇತ್ರೀ ಹೊಲ. ಒಂದ್ ಕಡೆ ಐತೆ, ಒಂದ್ ಕಡೆ ಇಲ್ಲ. ಬಗೆದು ನೋಡಿದ್ರೆ ಬೀಜ ಹಂಗೇ ಕುಂತಾವೆ. ನಿಮ್ ಹಲಗೆ ಮ್ಯಾಲೆ ತೊಂಬತ್ತೆರಡು ಇತ್ತಲ್ರೀ, ಪಂಚಾಕ್ಷರಪ್ಪಾರೆ?"

ಏನು ಹೇಳಬೇಕೆಂದು ಪಂಚಾಕ್ಷರಪ್ಪ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಮಳೆ ಹೆಚ್ಚಾಯಿತು ಎನ್ನಬಹುದಿತ್ತು. ಕಂಪನಿಯವರು ಕೈಕೊಟ್ಟರು ಎನ್ನಬಹುದಿತ್ತು. ಎರಡಕ್ಕೂ ಚೌಡಪ್ಪ ಆ ಸಂಖ್ಯೆಯನ್ನೇ ಮುಂದೆ ಹಿಡಿಯುತ್ತಿದ್ದ. ಬಾಯಿ ತೆರೆದಾಗ ಬಂದದ್ದು ಬೇರೆಯೇ ಮಾತು.

"ಏನ್ ಹೇಳ್ಲಿ ಚೌಡಪ್ಪ. ಎಣಿಸೋದು ನಮ್ಮನೆಯವಳು. ಈಚೀಚೆಗೆ ಅವಳಿಗೆ ಕಣ್ಣು ಸರಿಯಾಗಿ ಕಾಣ್ತಾ ಇಲ್ಲ. ನಾನೂ ನಂಬಿ ಬರೆದುಬಿಟ್ಟೆ."

ಎಣಿಸುವವಳು ಹೆಂಡತಿ ಎಂದು ಇಪ್ಪತ್ತಾರು ವರ್ಷದಲ್ಲಿ ಅವನು ನಾಲ್ಕು ಜನರ ಮುಂದೆ ಬಾಯಿಬಿಟ್ಟದ್ದು ಅದೇ ಮೊದಲು. ಶಾಲು ಹೊದೆಸಿದ ದಿನ ನೆನಪಾಗದ ಮಾತು ಅವತ್ತು ಎಷ್ಟು ಸಲೀಸಾಗಿ ನೆನಪಾಯಿತು! ಅವನ ಬಗ್ಗೆ ಎಷ್ಟೇ ಕನಿಕರದಿಂದ ಹೇಳಬೇಕೆಂದರೂ ಈ ಜಾಗಕ್ಕೆ ಬಂದಾಗ ಹೇಳುವವರಿಗೂ ಸಿಟ್ಟು ಬರುತ್ತದೆ.

ಆ ಸುಳ್ಳು ಫಲಿಸಿತು, ಅದೇ ದೊಡ್ಡ ಅನಾಹುತ. ಚೌಡಪ್ಪನ ಮುಖ ತಟ್ಟನೆ ಮೆತ್ತಗಾಯಿತು. "ಅಯ್ಯೋ ಪಾಪ, ಅಮ್ಮಾರಿಗೆ ಕಣ್ಣಾ?" ಎಂದ. ಹಿಂದಿದ್ದ ಯಾರೋ ತಮ್ಮ ತಾಯಿಗೂ ಪೊರೆ ಬಂದದ್ದನ್ನು ಹೇಳಿದರು. ಬೈಯಲು ಬಂದವರು ಡಾಕ್ಟರ ಹೆಸರು ಹೇಳಿ ಹೋದರು. ಉದಯನ ಕೈಕಾಲು ಹಿಡಿದು ಬದಲಿ ಬೀಜ ತರಿಸಿ ಕೊಟ್ಟದ್ದಾಯಿತು, ತಡವಾಗಿಯಾದರೂ ಎಲ್ಲರೂ ಮತ್ತೆ ಬಿತ್ತಿದರು. "ಇನ್ಮೇಲೆ ನಾನೇ ಎಣಿಸ್ತೀನಿ" ಎಂದು ಪಂಚಾಕ್ಷರಪ್ಪ ಎಲ್ಲರಿಗೂ ಮಾತು ಕೊಟ್ಟ. ತಪ್ಪಾದರೂ ಮುಚ್ಚಿಡದೆ ಹೇಳಿದ ಮನುಷ್ಯ ಎಂದು ಅವನ ಹೆಸರು ಮೊದಲಿಗಿಂತ ಒಂದು ತೂಕ ಹೆಚ್ಚೇ ಆಯಿತು.

ಮನೆಯಲ್ಲಿ ಅವನು ಏನೂ ಹೇಳಲಿಲ್ಲ. ಮಗಳು ಗಂಗಾಶ್ರೀ ಮದುವೆಯಾಗಿ ಹರಿಹರಕ್ಕೆ ಹೋದ ಮೇಲೆ ಮನೆಯಲ್ಲಿದ್ದವರು ಇಬ್ಬರೇ. ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಕೈ ಹಿಟ್ಟಾಗಿದ್ದರಿಂದ ಅವಳು ಸ್ಪೀಕರ್ ಒತ್ತಿ ನೆಲದ ಮೇಲಿಟ್ಟಳು. ಚನ್ನೇಶನ ದನಿ.

"ಏನಕ್ಕ, ಕಣ್ಣು ಅಷ್ಟು ಹಾಳಾಗೋವರೆಗೂ ನಮ್ಗೊಂದು ಮಾತು ಹೇಳಬಾರ್ದಾ? ಬೀಜದ್ದು ಹೋಗ್ಲಿ ಬಿಡು, ಮತ್ತೆ ಹಾಕ್ದೆ. ಭಾವ ಅಂಗಡಿ ಮುಂದೆ ಎಲ್ರಿಗೂ ಹೇಳಿದ್ರಂತೆ, ನಿಂಗೆ ಎಣಿಸಾಕೆ ಕಾಣಲ್ಲ ಅಂತ. ನಮ್ಮೂರಿಗೆಲ್ಲ ಗೊತ್ತು, ನಂಗೇ ಗೊತ್ತಿಲ್ಲ."

ಶಕುಂತಲಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಸಾರಿನಲ್ಲಿ ಅನ್ನ ಕಲಸುತ್ತಲೇ ಇದ್ದ, ಕಲಸಿದ್ದನ್ನೇ ಕಲಸುತ್ತಿದ್ದ. ಈಗ ಕೂಗುತ್ತಾಳೆ, ತಮ್ಮನಿಗೆ ಎಲ್ಲ ಹೇಳುತ್ತಾಳೆ ಎಂದು ಕಾದ. ಅವಳು ಫೋನಿನ ಕಡೆ ಬಾಗಿದಳು.

"ಹೌದು ಕಣೋ. ಕಾಣಲ್ಲ."

ಅಷ್ಟೆ. ಅವನಿಗೆ ಹೋದ ಜೀವ ಬಂದ ಹಾಗಾಯಿತು. ಹೆಂಡತಿ ಮಾನ ಉಳಿಸಿದಳು ಎಂದುಕೊಂಡ, ದಡ್ಡ.

ಮರುದಿನ ಬೆಳಿಗ್ಗೆ ಕನ್ನಡಕ ಹುಡುಕುತ್ತ, "ಶಕುಂತಲಾ, ಎಲ್ಲಿಟ್ಟಿದೀನಿ ನೋಡು" ಎಂದ. ಅವಳು ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸಾಸಿವೆಯಷ್ಟು ಸಣ್ಣ ಕಲ್ಲನ್ನು ಉಗುರಿನಲ್ಲಿ ಎತ್ತಿ ಪಕ್ಕಕ್ಕೆ ಹಾಕಿ, "ನನಗೆ ಕಾಣಲ್ವಲ್ರೀ" ಎಂದಳು. ಕನ್ನಡಕ ಅವಳ ಎದುರಿನ ಕಿಟಕಿಯಲ್ಲೇ ಇತ್ತು.

ಅಲ್ಲಿಂದ ಶುರುವಾಯಿತು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಉಪ್ಪು ಖಾರ ಒಂದು ಚೂರೂ ಏರುಪೇರಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಕೇಳಿದ್ದಕ್ಕೆಲ್ಲ ಉತ್ತರವಿದೆ. ಅವನು ಏನನ್ನಾದರೂ ನೋಡು ಎಂದರೆ ಮಾತ್ರ ಕಾಣುವುದಿಲ್ಲ. ಹೊಸ ಅಂಗಿ ಹಾಕಿಕೊಂಡು ಹೇಗಿದೆ ಎಂದರೆ ಕಾಣಲ್ಲ. ಮುಖ ಯಾಕೋ ಬಾಡಿದೆಯಾ ನೋಡು, ಜ್ವರ ಬಂದ ಹಾಗಿದೆ ಎಂದರೆ ಹಣೆ ಮುಟ್ಟಿ ನೋಡಿ ಕಷಾಯ ಕೊಡುವಳು. ಮುಖ ನೋಡುವುದಿಲ್ಲ. ಪಕ್ಕದ ಮನೆಯ ಮೇಘನಾಳ ರವಿಕೆಗೆ ಕೊಕ್ಕೆ ಹೊಲಿಯುವಾಗ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ್ದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಇಡೀ ಲೋಕ ಅವಳಿಗೆ ಕಾಣುತ್ತಿತ್ತು, ಅವನೊಬ್ಬ ಕಾಣುತ್ತಿರಲಿಲ್ಲ.

ಆಗಸ್ಟಿನಲ್ಲಿ ಸೊರಬದಲ್ಲಿ ಉಚಿತ ಕಣ್ಣಿನ ತಪಾಸಣೆ ಎಂದು ಚನ್ನೇಶ್ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಸಂಜೆ ಅವಳನ್ನು ಮನೆಗೆ ಬಿಟ್ಟು ನೇರ ಅಂಗಡಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಭಾವ, ಅಕ್ಕನ ಕಣ್ಣು ಚೆನ್ನಾಗಿದಾವಂತೆ. ಡಾಕ್ಟ್ರು ಕೊನೇ ಸಾಲಿನವರೆಗೂ ಓದಿಸಿದ್ರು. ಪಟಪಟ ಅಂತ ಓದಿದ್ಲು."

"ಹೌದಾ, ಒಳ್ಳೇದಾಯ್ತು ಬಿಡು" ಎಂದ ಪಂಚಾಕ್ಷರಪ್ಪ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ.

"ದಾರೀಲಿ ಕೇಳ್ದೆ, ಎಣಿಸಿದ್ದು ಎಷ್ಟು ಅಂತ. ನಿಮ್ಮ ಭಾವನ್ನೇ ಕೇಳು ಅಂದ್ಲು."

ಗೊಬ್ಬರದ ಚೀಲದ ಮೇಲೆ ಏನೋ ಬಿದ್ದಂತೆ ಪಂಚಾಕ್ಷರಪ್ಪ ಅದನ್ನು ಝಾಡಿಸತೊಡಗಿದ. ಚನ್ನೇಶ್, "ಬರ್ತೀನಿ ಭಾವ" ಎಂದು ಹೋದ. ಆಮೇಲೆ ಹಿಂಗಾರಿನ ಬೀಜಕ್ಕೆ ಅವನು ಬರಲಿಲ್ಲ. ಆನವಟ್ಟಿಯಲ್ಲಿ ತಗೊಂಡನಂತೆ.

ಹಿಂಗಾರಿಗೆ ಪಂಚಾಕ್ಷರಪ್ಪ ತಾನೇ ಗೋಣಿ ಸುತ್ತಿದ, ತಾನೇ ಎಣಿಸಿದ, ಹೇಗೋ ಗಂಡಾಂತರ ದಾಟಿತು. ಈ ಮೇ ತಿಂಗಳು ಬಂದಾಗ ಅವನ ನಿಜವಾದ ಪರೀಕ್ಷೆ ಶುರುವಾಯಿತು. ಮತ್ತೆ ಅದೇ ತಳಿ, ಹೊಸ ಲಾಟು. ಐದನೆಯ ದಿನ ಬೆಳಿಗ್ಗೆ ಬಚ್ಚಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸಿದ. ಎಂಬತ್ತೆಂಟು. ಸರಿಯಿಲ್ಲ ಅನ್ನಿಸಿ ಮತ್ತೆ ಎಣಿಸಿದ. ತೊಂಬತ್ತೊಂದು. ಮೂರನೆಯ ಸಲ ಎಂಬತ್ತು. ಬೀಜಗಳು ಅವೇ, ಸಾಲುಗಳು ಅವೇ. ತುದಿ ಮಾತ್ರ ಬೆಳ್ಳಗಾದ ಹತ್ತು ಹನ್ನೊಂದು ಬೀಜಗಳಿದ್ದವು. ಅಂಗಡಿ ಮುಂದಿನ ಸಾಲನ್ನು ನೆನೆದಾಗ ಅವು ಮೊಳೆತ ಹಾಗೆ ಕಾಣುತ್ತಿದ್ದವು. ಚೌಡಪ್ಪನ ಅಂಗೈ ನೆನೆದಾಗ ಸತ್ತ ಹಾಗೆ ಕಾಣುತ್ತಿದ್ದವು.

ಬೆವರು ಒರೆಸಿಕೊಂಡು ಅವನು ಅಲ್ಲೇ ನೆಲಕ್ಕೆ ಕೂತ. ಇಷ್ಟು ವರ್ಷ ಅವಳು ಎಣಿಸುತ್ತಿದ್ದಾಗ ಅವಳಿಗೆ ಇಂಥ ಸಂಖ್ಯೆಯೇ ಬೇಕು ಎಂದಿರಲಿಲ್ಲ. ಎಷ್ಟಿದೆಯೋ ಅಷ್ಟು ಹೇಳಿ ಎದ್ದು ಕೈ ತೊಳೆದುಕೊಳ್ಳುವಳು. ಅವನಿಗೆ ಎಣಿಸುವ ಮೊದಲೇ ಒಂದು ಸಂಖ್ಯೆ ಬೇಕಾಗಿರುತ್ತಿತ್ತು. ನಲವತ್ತು ನಿಮಿಷದ ಭಾಷಣದಲ್ಲಿ ಅವನು ಹೇಳಿದ್ದ ಶಿಸ್ತು, ನಂಬಿಕೆ, ಗಟ್ಟಿ ಮನಸ್ಸು ಎಲ್ಲ ಇದ್ದದ್ದು ಈ ಬಚ್ಚಲ ಪಕ್ಕದಲ್ಲಿ, ಅವಳ ಹತ್ತಿರ. ಅವನ ಹತ್ತಿರ ಇದ್ದದ್ದು ಸೀಮೆಸುಣ್ಣ. ಇದು ಅವನಿಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಅಡುಗೆಮನೆಯ ಬಾಗಿಲಿಗೆ ಹೋಗಿ, "ಒಂದು ಸಲ ಬಂದು ನೋಡೆ, ಶಕುಂತಲಾ. ನನ್ನಿಂದ ಆಗ್ತಾ ಇಲ್ಲ" ಎಂದ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಕಾಣಲ್ಲ ಅಂತ ನೀವೇ ಹೇಳಿದೀರಲ್ರೀ, ಊರಿಗೆಲ್ಲ." ಹನ್ನೊಂದು ತಿಂಗಳಲ್ಲಿ ಆ ವಿಷಯವನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೊಂದು ಸಲ.

"ನಾನು ಹೇಳಿದ್ದು ತಪ್ಪು."

"ನನಗೆ ಯಾಕೆ ಹೇಳ್ತೀರಿ? ನನಗೆ ಗೊತ್ತಿತ್ತು."

ಮರುದಿನ ಅಂಗಡಿಯನ್ನು ಬೇಗ ತೆರೆದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಹೊಸ ಲಾಟಿನ ಪಕ್ಕದ ಜಾಗವನ್ನು ಖಾಲಿ ಬಿಟ್ಟು, ಹಲಗೆಯ ಕೆಳಗೆ, ಮುರಿದ ಮೂಲೆಯ ಹತ್ತಿರ, ಮೂರು ಸಾಲು ಬರೆದ. ಎಷ್ಟು ಸಣ್ಣ ಅಕ್ಷರ ಎಂದರೆ ಬಗ್ಗಿ ಮೂಗು ತಾಗಿಸಿದರೆ ಓದಬಹುದು. ಬರೆದಂತೆಯೂ ಆಗಬೇಕು, ಯಾರೂ ಓದದಂತೆಯೂ ಆಗಬೇಕು! ಹಾಗೇ ಆಯಿತು. ಎರಡು ದಿನ ಜನ ಬಂದು ಖಾಲಿ ಜಾಗವನ್ನೇ ನೋಡಿ, ನಂಬರ್ ಯಾವಾಗ ಬರೀತೀರಿ ಎಂದು ಕೇಳಿ ಹೋದರು. ಕೆಳಗೆ ಯಾರೂ ನೋಡಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತ, "ಹಲಗೇಲಿ ಕೆಳಗಡೆ ಬರೆದಿದೀನಿ" ಎಂದ.

"ಹೌದಾ" ಎಂದಳು ಶಕುಂತಲಮ್ಮ.

ಮೂರನೆಯ ದಿನ ಹತ್ತು ಗಂಟೆಗೆ ಅಂಗಡಿ ತುಂಬಿತ್ತು. ಹದಿನೈದು ಇಪ್ಪತ್ತು ಜನ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಸಂಖ್ಯೆಗೆ ಕಾಯುತ್ತಿದ್ದರು, ಚೌಡಪ್ಪನೂ ಇದ್ದ. ಆಗ ರಸ್ತೆಯ ಆಚೆ ಶಕುಂತಲಮ್ಮ ಕಾಣಿಸಿದಳು. ಗಿರಾಕಿ ಇರುವ ಹೊತ್ತಿನಲ್ಲಿ ಅವಳು ಯಾವತ್ತೂ ಅಂಗಡಿಗೆ ಬಂದವಳಲ್ಲ. ಟ್ರ್ಯಾಕ್ಟರು, ಬಸ್ಸುಗಳ ನಡುವೆ ನೋಡಿಕೊಂಡು ರಸ್ತೆ ದಾಟಿದಳು. ಮೆಟ್ಟಿಲ ಹತ್ತಿರ ಬಂದಾಗ ಚೌಡಪ್ಪ ದಡಬಡಿಸಿ ಇಳಿದು ಅವಳ ಮೊಣಕೈ ಹಿಡಿದ.

"ಬರ್ರಿ ಅಮ್ಮಾರೆ. ಮೆಟ್ಲೈತೆ, ಸಾವಕಾಶ. ಇನ್ನೊಂದೈತೆ ನೋಡ್ರಿ. ಹಾಂ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಚೌಡಪ್ಪ ಒಂದೊಂದೇ ಮೆಟ್ಟಿಲು ಹತ್ತಿಸಿ ಅವಳನ್ನು ಹಲಗೆಯ ಮುಂದೆ ತಂದು ನಿಲ್ಲಿಸಿದ. ಕೌಂಟರಿನ ಹಿಂದೆ ನಿಂತಿದ್ದ ಪಂಚಾಕ್ಷರಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕೆಳಗೆ ಏನೋ ಬರೆದಿದೀರಂತೆ" ಎಂದಳು ಅವಳು. "ನನಗೆ ಕಾಣಲ್ಲ. ಓದ್ರಿ."

ಅವನು ಹೊರಗೆ ಬಂದು ಬಗ್ಗಿದ. ತುಟಿ ಅಲುಗಾಡಿತು.

"ಜೋರಾಗಿ ಓದ್ರಿ. ಚೌಡಪ್ಪಾರೂ ಕೇಳ್ಲಿ."

ಅವನು ಓದಿದ. "ಹೋದ ವರ್ಷದ ಲಾಟನ್ನು ನಮ್ಮ ಮನೆಯವರು ಎಣಿಸಿ ಐವತ್ತೆಂಟು ಎಂದಿದ್ದರು." ನಿಲ್ಲಿಸಿದ. ಅವಳು ಕಾದಳು. "ಅವರು ಸರಿಯಾಗಿಯೇ ಎಣಿಸಿದ್ದರು. ತೊಂಬತ್ತೆರಡು ಬರೆದವನು ನಾನು."

ಚೌಡಪ್ಪನ ಕೈ ಅವಳ ಮೊಣಕೈಯಿಂದ ಮೆಲ್ಲಗೆ ಕೆಳಗಿಳಿಯಿತು. "ಹಂಗಾರೆ ಅಮ್ಮಾರ ಕಣ್ಣು?" ಎಂದ.

"ಚೆನ್ನಾಗಿದಾವೆ" ಎಂದ ಪಂಚಾಕ್ಷರಪ್ಪ. "ಆವಾಗ್ಲೂ ಚೆನ್ನಾಗಿದ್ವು. ನಾನು ಸುಳ್ಳು ಹೇಳಿದ್ದೆ."

ಚೌಡಪ್ಪ ಬೈಯಲಿಲ್ಲ. ಅವನನ್ನು ಒಂದು ಸಲ ನೋಡಿದ, ಹಲಗೆಯನ್ನು ಒಂದು ಸಲ ನೋಡಿದ. ಹೆಗಲ ಮೇಲಿನ ಖಾಲಿ ಚೀಲವನ್ನು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದ. ಅವನ ಹಿಂದೆ ಇಬ್ಬರು ಇಳಿದರು, ಆಮೇಲೆ ನಾಲ್ವರು, ಆಮೇಲೆ ಉಳಿದವರು. ಕೆಲವರು ಎದುರು ಅಂಗಡಿಗೆ ಹೋದರು.

ಶಕುಂತಲಮ್ಮ ಹೋಗಲಿಲ್ಲ. ಹಲಗೆಯ ಮೂಲೆಯ ಆ ಸಣ್ಣ ಅಕ್ಷರಗಳನ್ನು, ನಿಂತ ಜಾಗದಿಂದಲೇ, ಬಗ್ಗದೆ ನೋಡುತ್ತಿದ್ದಳು.

"ಐವತ್ತೆಂಟು ಒಂದೇ ಅಲ್ಲ" ಎಂದಳು. "ಎರಡನೇ ಗೋಣಿ ಅರವತ್ತೊಂದು. ಅದನ್ನೂ ಬರೀರಿ."

ಅವನು ಕಿಸೆಗೆ ಕೈ ಹಾಕಿ ಸೀಮೆಸುಣ್ಣ ತೆಗೆದ. ಅದು ಕೈಜಾರಿ ಬಿದ್ದು ಎರಡು ತುಂಡಾಯಿತು. ದೊಡ್ಡ ತುಂಡನ್ನು ಎತ್ತಿಕೊಂಡು, ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಒರೆಸಿ, ಅದೇ ಮೂರು ಸಾಲನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಬರೆದ. ಐವತ್ತೆಂಟರ ಪಕ್ಕದಲ್ಲಿ ಅರವತ್ತೊಂದು ಬರೆದ. ತಿರುಗಿ ನೋಡಿದಾಗ ಅವಳು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿದು ರಸ್ತೆ ದಾಟಿದ್ದಳು. ಆಚೆ ಬದಿಯಲ್ಲಿ ನಿಂತು, ಅಲ್ಲಿಂದಲೇ ಹಲಗೆಯನ್ನು ಪೂರ್ತಿ ಓದಿದಳು. ಆಮೇಲೆ ಅವನ ಮುಖವನ್ನು ನೋಡಿದಳು. ನೋಡಿ, ಮನೆಯ ಕಡೆ ನಡೆದಳು. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.